ತೊಡೆಯ ಗಂಟು: ‘ಹೆಪ್ಪುಗಟ್ಟಿದ ರಕ್ತ’ ಅಂದ ಸ್ಕ್ಯಾನ್ ರಿಪೋರ್ಟನ್ನು ಎಷ್ಟು ನಂಬಬೇಕು?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಅಪ್ಪನಿಗೆ 57 ವರ್ಷ, ಕಬ್ಬು ಭತ್ತದ ಬೇಸಾಯ. ಏಳು ತಿಂಗಳ ಹಿಂದೆ ಗದ್ದೆ ಬದುವಿನಿಂದ ಜಾರಿ ಬಿದ್ದರು. ಅದಾದ ಮೇಲೆ ಎಡತೊಡೆಯ ಮುಂಭಾಗದಲ್ಲಿ ಗಂಟು ಕಾಣಿಸಿತು. ನೋವಿಲ್ಲ, ಜ್ವರವಿಲ್ಲ, ಗದ್ದೆ ಕೆಲಸ ಬಿಟ್ಟಿಲ್ಲ. ನಾಲ್ಕು ತಿಂಗಳ ಹಿಂದೆ ಮಂಡ್ಯದಲ್ಲಿ ಸ್ಕ್ಯಾನ್ ಮಾಡಿಸಿದಾಗ 6.8 × 4.1 × 3.5 ಸೆಂ.ಮೀ., ‘ಆರ್ಗನೈಸಿಂಗ್ ಹೆಮಟೋಮಾ’ ಎಂದು ಬರೆದುಕೊಟ್ಟರು. ಹೆಪ್ಪುಗಟ್ಟಿದ ರಕ್ತ, ತಾನಾಗೇ ಕರಗುತ್ತದೆ ಅಂದರು. ಊರಲ್ಲಿ ಎಣ್ಣೆ ಹಾಕಿ ನೀವಿಸಿದೆವು. ಕರಗಲಿಲ್ಲ. ಕಳೆದ ವಾರ ಮೈಸೂರಿನಲ್ಲಿ ಮತ್ತೆ ಸ್ಕ್ಯಾನ್ ಮಾಡಿಸಿದರೆ 8.6 × 5.2 × 4.6 ಸೆಂ.ಮೀ. ಆಗಿದೆ. ‘ಒಳಗೆ ರಕ್ತಸಂಚಾರ ಇದೆ, ಸ್ನಾಯುವಿನೊಳಗಿನ ಲೈಪೋಮಾ (ಕೊಬ್ಬಿನ ಗಂಟು) ಅಥವಾ ಬೇರೆ ಗಡ್ಡೆ ಇರಬಹುದು, ಎಂಆರ್‌ಐ ಮಾಡಿಸಿ’ ಎಂದಿದೆ. ಒಬ್ಬ ಸರ್ಜನ್ ‘ಕೊಬ್ಬಿನ ಗಂಟು, ಅರ್ಧ ಗಂಟೆ ಕೆಲಸ, ತೆಗೆದುಬಿಡೋಣ’ ಅನ್ನುತ್ತಾರೆ. ಇನ್ನೊಬ್ಬರು ‘ಎಂಆರ್‌ಐ, ಬಯಾಪ್ಸಿ ಆಗದೆ ಯಾರೂ ಕತ್ತರಿ ಮುಟ್ಟಿಸಬಾರದು’ ಅನ್ನುತ್ತಾರೆ. ಸೂಜಿ ಚುಚ್ಚಿದರೆ ಹರಡುತ್ತದೆ ಅಂತ ದೊಡ್ಡಪ್ಪ ಹಟ ಹಿಡಿದಿದ್ದಾರೆ. ಒಂದೇ ಗಂಟಿಗೆ ಎರಡು ಸ್ಕ್ಯಾನ್‌ನಲ್ಲಿ ಎರಡು ಹೆಸರು ಹೇಗೆ ಬರುತ್ತದೆ? ಒಳ್ಳೆ ಮಿಷಿನ್‌ನಲ್ಲಿ, 4ಡಿ ಸ್ಕ್ಯಾನ್‌ನಲ್ಲಿ ನೋಡಿಸಿದರೆ ಕ್ಯಾನ್ಸರ್ ಹೌದೋ ಅಲ್ಲವೋ ತಿಳಿಯುತ್ತದಾ? ಬಿಪಿಎಲ್ ಕಾರ್ಡ್ ಇದೆ.

ಉತ್ತರ: ಮೊದಲು ನಿರ್ಧಾರದ ಮಾತು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಎರಡನೆಯ ಸರ್ಜನ್ ಹೇಳಿದ್ದೇ ಸರಿ. ಎಂಆರ್‌ಐ ಮೊದಲು, ಬಯಾಪ್ಸಿ (ಗಡ್ಡೆಯ ತುಂಡು ತೆಗೆದು ಪರೀಕ್ಷಿಸುವುದು) ಅದರ ನಂತರ, ಆಪರೇಷನ್ ಬೇಕೋ ಬೇಡವೋ ಅನ್ನುವುದು ಎರಡೂ ಕೈಗೆ ಬಂದ ಮೇಲೆ. ನಿಮ್ಮ ತಂದೆಯವರಿಗೆ ಕ್ಯಾನ್ಸರ್ ಇದೆ ಎಂದು ನಾನು ಹೇಳುತ್ತಿಲ್ಲ. ಇಲ್ಲ ಎಂದು ಹೇಳುವ ಹಕ್ಕು ಈ ಎರಡು ಸ್ಕ್ಯಾನ್‌ಗಳಿಗೆ ಇಲ್ಲ, ಅಷ್ಟೇ.

ನೀವು ಕಳಿಸಿದ ಅಳತೆಗಳನ್ನೇ ನೋಡಿ. ಉದ್ದ 6.8ರಿಂದ 8.6ಕ್ಕೆ ಬಂದಿದೆ, ಅಂದರೆ ಎರಡು ಸೆಂಟಿಮೀಟರೂ ಹೆಚ್ಚಿಲ್ಲ. ಓದುವವರಿಗೆ ‘ಸ್ವಲ್ಪ ಬೆಳೆದಿದೆ’ ಅನಿಸುತ್ತದೆ. ಆದರೆ ಗಂಟು ಮೂರು ದಿಕ್ಕಿಗೂ ಬೆಳೆಯುವ ವಸ್ತು. ಮೂರು ಅಳತೆಗಳನ್ನು ಗುಣಿಸಿ 0.52ರಿಂದ ಮತ್ತೆ ಗುಣಿಸಿದರೆ ಅದರ ಗಾತ್ರ ಮಿಲಿಲೀಟರ್‌ನಲ್ಲಿ ಸಿಗುತ್ತದೆ. ಮೊದಲ ಸ್ಕ್ಯಾನ್‌ನಲ್ಲಿ ಸುಮಾರು 51 ಮಿ.ಲೀ., ಎರಡನೆಯದರಲ್ಲಿ ಸುಮಾರು 107. ನಾಲ್ಕು ತಿಂಗಳು ತುಂಬುವುದರೊಳಗೇ ಗಂಟು ಇಮ್ಮಡಿಯಾಗಿದೆ. ಇದರಲ್ಲಿ ಒಂದಿಷ್ಟು ಅಳತೆಯ ವ್ಯತ್ಯಾಸವೂ ಇರಬಹುದು. ಬೇರೆ ಮಿಷಿನ್, ಬೇರೆ ಕೈ. ಆದರೂ ಹೆಪ್ಪುಗಟ್ಟಿದ ರಕ್ತ ನಾಲ್ಕು ತಿಂಗಳಲ್ಲಿ ಕುಗ್ಗಬೇಕು. ಅಳತೆ ಎಷ್ಟೇ ತಪ್ಪಿದರೂ ಕುಗ್ಗಿದ್ದು ಇಮ್ಮಡಿಯಾಗಿ ಕಾಣುವುದಿಲ್ಲ.

ಮೆದು ಅಂಗಾಂಶದ ಕ್ಯಾನ್ಸರ್ ಅಂದರೆ ಕೊಬ್ಬು, ಸ್ನಾಯು, ನರ, ರಕ್ತನಾಳ, ಅವುಗಳ ನಡುವಿನ ನಾರು ಇವುಗಳಲ್ಲಿ ಹುಟ್ಟುವ ಗಡ್ಡೆ. ವೈದ್ಯರು ಸಾರ್ಕೋಮಾ ಅನ್ನುತ್ತಾರೆ. ಇದು ಅಪರೂಪದ್ದು. ದೊಡ್ಡವರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ನೂರಕ್ಕೆ ಒಂದರ ಆಸುಪಾಸು. ಮೈಮೇಲೆ ಕಾಣುವ ಗಂಟುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತು ನಿರಪಾಯದವು. ತೊಂದರೆ ಶುರುವಾಗುವುದೇ ಇಲ್ಲಿಂದ. ದಿನಕ್ಕೆ ಹತ್ತಾರು ಹೊಟ್ಟೆಯ ಸ್ಕ್ಯಾನ್, ಬಸುರಿಯರ ಸ್ಕ್ಯಾನ್ ಮಾಡುವ ಸೆಂಟರಿನಲ್ಲಿ ಕುಳಿತವರಿಗೆ ವರ್ಷವಿಡೀ ಬರುವ ಗಂಟುಗಳೆಲ್ಲ ಕೊಬ್ಬಿನ ಗಂಟು, ಗ್ಯಾಂಗ್ಲಿಯಾನ್ (ಕೀಲಿನ ಬಳಿಯ ಲೋಳೆಗುಳ್ಳೆ), ಕೀವು, ರಕ್ತ. ಹಾಗಾಗಿ ಮುಂದಿನದೂ ಅದೇ ಎಂದು ಕಣ್ಣು ಮೊದಲೇ ತೀರ್ಮಾನಿಸಿಬಿಡುತ್ತದೆ. ಅದಕ್ಕೆ ‘ಬಿದ್ದಿದ್ದೆ ಸಾರ್’ ಅನ್ನುವ ಮಾತೂ ಸೇರಿದರೆ ಹೆಮಟೋಮಾ ಎಂಬ ಹೆಸರು ತಾನಾಗೇ ರಿಪೋರ್ಟಿನಲ್ಲಿ ಬಂದು ಕೂರುತ್ತದೆ.

ಬಿದ್ದದ್ದರಿಂದ ಸಾರ್ಕೋಮಾ ಹುಟ್ಟುವುದಿಲ್ಲ. ಬಿದ್ದಾಗ ತೊಡೆ ಮುಟ್ಟಿ ನೋಡಿಕೊಳ್ಳುತ್ತೇವೆ, ಅಲ್ಲಿ ಮೊದಲೇ ಇದ್ದದ್ದು ಆಗ ಕೈಗೆ ಸಿಗುತ್ತದೆ. ಕೆಲವೊಮ್ಮೆ ಗಡ್ಡೆಯೊಳಗೇ ರಕ್ತ ಸೋರಿ ದಿಢೀರನೆ ಊದಿಕೊಳ್ಳುವುದೂ ಉಂಟು. ರಕ್ತವನ್ನಷ್ಟೇ ನೋಡಿ ಗಡ್ಡೆಯನ್ನು ಕಾಣದೆ ಹೋಗುವುದು ಹೀಗೇ. ನಿಜವಾದ ಹೆಮಟೋಮಾ ಅಂದರೆ ಪೆಟ್ಟು ಜೋರಾಗಿರಬೇಕು, ಒಂದೆರಡು ದಿನದಲ್ಲಿ ಚರ್ಮ ಕಪ್ಪಿಟ್ಟು ನೀಲಿ, ಹಸಿರು, ಹಳದಿಗೆ ತಿರುಗಿರಬೇಕು, ಇಲ್ಲವೇ ರೋಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿರಬೇಕು. ಇವ್ಯಾವುದೂ ಇಲ್ಲದೆ ತೊಡೆಯ ಆಳದಲ್ಲಿ ಏಳು ಸೆಂಟಿಮೀಟರಿನ ‘ಹೆಮಟೋಮಾ’ ಇದ್ದರೆ ಆ ಹೆಸರನ್ನು ಅನುಮಾನಿಸಲೇಬೇಕು. ಮೇಲಾಗಿ ಈ ರೋಗನಿರ್ಣಯಕ್ಕೆ ಒಂದು ಅವಧಿ ಇದೆ: ನಾಲ್ಕರಿಂದ ಆರು ವಾರಕ್ಕೆ ಮತ್ತೆ ಸ್ಕ್ಯಾನ್ ಮಾಡಿ, ಕುಗ್ಗಿಲ್ಲದಿದ್ದರೆ ಎಂಆರ್‌ಐ. ಮೊದಲ ರಿಪೋರ್ಟಿನಲ್ಲಿ ಈ ಒಂದು ಸಾಲು ಇದ್ದಿದ್ದರೆ ನಿಮಗೆ ಎರಡೂವರೆ ತಿಂಗಳು ಉಳಿಯುತ್ತಿತ್ತು.

ನೋವಿಲ್ಲ ಅನ್ನುವುದನ್ನು ನೀವು ಸಮಾಧಾನದ ಸಂಗತಿಯಾಗಿ ಬರೆದಿದ್ದೀರಿ. ಹಾಗೆ ತಿಳಿಯಬೇಡಿ. ಸಾರ್ಕೋಮಾ ಬಹಳ ದಿನ ನೋಯುವುದಿಲ್ಲ. ಕೀವುಗಟ್ಟಿದ ಹುಣ್ಣು ನೋಯುತ್ತದೆ, ಅದಕ್ಕೇ ಜನ ಬೇಗ ಬರುತ್ತಾರೆ. ಇದು ನೋಯದೆ ಬೆಳೆಯುವುದರಿಂದಲೇ ತಡವಾಗುತ್ತದೆ. ರಕ್ತ ಪರೀಕ್ಷೆ ನಾರ್ಮಲ್ ಬಂತು ಅನ್ನುವುದಕ್ಕೂ ಅಷ್ಟೇ ಬೆಲೆ. ಮೆದು ಅಂಗಾಂಶದ ಕ್ಯಾನ್ಸರನ್ನು ತೋರಿಸಿಕೊಡುವ ರಕ್ತ ಪರೀಕ್ಷೆ ಇಲ್ಲ.

ಯಾವ ಗಂಟಿಗೆ ಹೆದರಬೇಕು? ನಾಲ್ಕು ಸಂಗತಿ ಕೇಳಿಕೊಳ್ಳಿ. 5 ಸೆಂ.ಮೀ. ದಾಟಿದೆಯಾ? (ಟೇಬಲ್ ಟೆನಿಸ್ ಚೆಂಡು 4 ಸೆಂ.ಮೀ., ಕ್ರಿಕೆಟ್ ಚೆಂಡು 7ರ ಆಸುಪಾಸು. ಅಂದಾಜಿಗೆ ಇವು ಸಾಕು.) ಬೆಳೆಯುತ್ತಿದೆಯಾ? ಸ್ನಾಯುವಿನ ಮೇಲಿನ ಬಿಳಿ ಪೊರೆಯ ಕೆಳಗೆ, ಆಳದಲ್ಲಿ ಇದೆಯಾ? ಒಮ್ಮೆ ತೆಗೆಸಿದ್ದು ಅದೇ ಜಾಗದಲ್ಲಿ ಮತ್ತೆ ಬಂದಿದೆಯಾ? ಹೊಸದಾಗಿ ನೋವು ಸೇರಿಕೊಂಡರೆ ಅದು ಐದನೆಯದು. ನಿಮ್ಮ ತಂದೆಯವರಲ್ಲಿ ಮೊದಲ ಮೂರೂ ಇವೆ. ತೊಡೆ ಈ ಜಾತಿಯ ಗಡ್ಡೆಗೆ ಮೈಯಲ್ಲಿ ಅತಿ ಸಾಮಾನ್ಯ ಜಾಗವೂ ಹೌದು. ಹಾಗಿದ್ದೂ ಸ್ನಾಯುವಿನೊಳಗಿನ ಲೈಪೋಮಾ, ಮಿಕ್ಸೋಮಾ ಎಂಬ ನಿರಪಾಯದ ಲೋಳೆಗಡ್ಡೆ, ನರದ ನಿರಪಾಯದ ಗಡ್ಡೆ ಇವೆಲ್ಲ ಇದೇ ವೇಷದಲ್ಲಿ ಬರಬಹುದು. ಆ ಬಾಗಿಲು ಇನ್ನೂ ಮುಚ್ಚಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಒಂದೇ ಗಂಟಿಗೆ ಎರಡು ಹೆಸರು ಹೇಗೆ?

ಅಲ್ಟ್ರಾಸೌಂಡ್ ಅಂದರೆ ಶಬ್ದ ಕಳಿಸಿ, ವಾಪಸ್ ಬಂದ ಪ್ರತಿಧ್ವನಿಯಿಂದ ಚಿತ್ರ ಕಟ್ಟುವುದು. ಹಳೆಯ ರಕ್ತದ ಹೆಪ್ಪು, ದಪ್ಪ ಕೀವು, ಲೋಳೆ ತುಂಬಿದ ಗಡ್ಡೆ, ಗಟ್ಟಿ ಗಡ್ಡೆ ಇವೆಲ್ಲ ಒಂದೇ ತರಹದ ಬೂದು ಬಣ್ಣದಲ್ಲಿ ಕಾಣಬಹುದು. ಸ್ಕ್ಯಾನಿಗೆ ಗಂಟಿನ ಕುಲಗೋತ್ರ ಗೊತ್ತಾಗುವುದಿಲ್ಲ. ಎಲ್ಲಿದೆ, ಎಷ್ಟಿದೆ, ನೀರೋ ಗಟ್ಟಿಯೋ, ರಕ್ತ ಓಡುತ್ತಿದೆಯೋ ಇಲ್ಲವೋ, ಇಷ್ಟು ಗೊತ್ತಾಗುತ್ತದೆ. ಅದರಿಂದ ‘ಇದನ್ನು ಬಿಡಬಹುದು, ಇದನ್ನು ಬಿಡುವಂತಿಲ್ಲ’ ಎಂದು ಜರಡಿ ಹಿಡಿಯುವುದು ಅದರ ಕೆಲಸ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ. ಹೆಸರಿಡಲು ಹೋದಾಗ ಎಡವುತ್ತದೆ.

ಹೆಸರಿಟ್ಟರೂ ತಪ್ಪಾಗದ ಗಂಟುಗಳು ಕೆಲವು ಇವೆ. ಚರ್ಮದ ಕೆಳಗಿನ ಕೊಬ್ಬಿನ ಗಂಟು ಚರ್ಮಕ್ಕೆ ಸಮಾನಾಂತರವಾಗಿ ಉದ್ದಕ್ಕೆ ಮಲಗಿರುತ್ತದೆ, ಒಳಗೆ ಸಣ್ಣ ಬಿಳಿ ಗೆರೆಗಳು ಅದೇ ದಿಕ್ಕಿಗೆ ಹೋಗಿರುತ್ತವೆ, ಪ್ರೋಬಿನಿಂದ (ಮೈಮೇಲೆ ಆಡಿಸುವ ಸ್ಕ್ಯಾನ್ ಹಿಡಿಕೆ) ಒತ್ತಿದರೆ ಚಪ್ಪಟೆಯಾಗುತ್ತದೆ, ರಕ್ತಸಂಚಾರ ಇರುವುದಿಲ್ಲ. ಮಂಡಿಯ ಹಿಂದಿನ ಬೇಕರ್ಸ್ ಸಿಸ್ಟ್ ಎಂಬ ನೀರುಗುಳ್ಳೆಗೆ ಎರಡು ಸ್ನಾಯುರಜ್ಜುಗಳ ನಡುವಿನಿಂದ ಕೀಲಿನ ಕಡೆಗೆ ಇಳಿಯುವ ಕುತ್ತಿಗೆ ಕಾಣಲೇಬೇಕು. ಕುತ್ತಿಗೆ ಕಾಣದಿದ್ದರೆ ಆ ಹೆಸರು ಬರೆಯಕೂಡದು. ಸ್ನಾಯುವಿನೊಳಗೆ ಲಾಡಿಹುಳದ ಮರಿ ಕೂತರೆ ಸಣ್ಣ ನೀರುಗುಳ್ಳೆ, ಅದರ ಒಂದು ಪಕ್ಕಕ್ಕೆ ಅಂಟಿದ ಬಿಳಿ ಚುಕ್ಕೆ. ಅದನ್ನು ನೋಡಿದರೆ ಬಯಾಪ್ಸಿಯೇ ಬೇಡ. ನಮ್ಮ ಕಡೆ ಬೆನ್ನುಮೂಳೆಯ ಕ್ಷಯದ ಕೀವು ತೊಡೆಸಂದಿಗೆ ಇಳಿದು ನೋವಿಲ್ಲದ ಗಂಟಾಗಿ ಕಾಣುವುದನ್ನೂ ಮರೆಯುವಂತಿಲ್ಲ. ಇಂಥವುಗಳ ಹೊರಗೆ, ಪೊರೆಯ ಕೆಳಗಿರುವ ಗಟ್ಟಿ ಗಂಟಿಗೆ ಹೆಸರಿಡುವ ಆಸೆಯನ್ನು ಸ್ಕ್ಯಾನ್ ಮಾಡುವವರು ಬಿಡಬೇಕು.

ಅತಿ ಹೆಚ್ಚು ಮೋಸವಾಗುವುದು ‘ಸಿಸ್ಟ್’ ಎಂಬ ಪದದಿಂದ. ಮಿಕ್ಸಾಯ್ಡ್ ಲೈಪೋಸಾರ್ಕೋಮಾ, ಸೈನೋವಿಯಲ್ ಸಾರ್ಕೋಮಾ ಎಂಬ ಬಗೆಗಳು ಲೋಳೆಯಂತೆ, ನೀರಿನಂತೆ ಕಪ್ಪಗೆ ಕಾಣಬಲ್ಲವು. ಹಿಂದುಗಡೆ ಚಿತ್ರ ಬೆಳ್ಳಗಾಗುತ್ತದೆ. ನೀರಿನ ಹಿಂದೆ ತಾನೇ ಹೀಗಾಗುವುದು ಎಂದು ಸಿಸ್ಟ್ ಅಂತ ಬರೆದುಬಿಡುತ್ತಾರೆ. ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿ ನೋಡಿದಾಗ ಒಳಗೆ ಒಂದೇ ಒಂದು ರಕ್ತನಾಳ ಕಂಡರೂ ಅದು ಸಿಸ್ಟ್ ಅಲ್ಲ. ಸೈನೋವಿಯಲ್ ಸಾರ್ಕೋಮಾ ಇನ್ನೂ ಕಪಟಿ. ಹರೆಯದವರಲ್ಲಿ, ಮಂಡಿ ಪಾದಗಳ ಬಳಿ, ಸಣ್ಣದಾಗಿ, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. 5 ಸೆಂ.ಮೀ. ಲೆಕ್ಕ ಅದಕ್ಕೆ ತಾಗುವುದಿಲ್ಲ.

4ಡಿ ಸ್ಕ್ಯಾನ್ ಹೊಟ್ಟೆಯಲ್ಲಿರುವ ಮಗುವಿನ ಮುಖ ನೋಡಲು ಚೆನ್ನ. ನಿಮ್ಮ ತಂದೆಯವರ ತೊಡೆಗೆ ಅದರಿಂದ ಏನೂ ಉಪಯೋಗವಿಲ್ಲ, ಆ ದುಡ್ಡು ಎಂಆರ್‌ಐಗೆ ಇಟ್ಟುಕೊಳ್ಳಿ. ಮಿಷಿನ್ ತೀರಾ ಹಳೆಯದಾಗಿದ್ದರೆ ವ್ಯತ್ಯಾಸ ಬರುತ್ತದೆ, ನಿಜ. ಆದರೆ ಗಂಟುಗಳ ವಿಷಯದಲ್ಲಿ ತಪ್ಪುಗಳು ಬಹುತೇಕ ಹಿಡಿದ ಕೈಯಿಂದ, ಇಟ್ಟ ಸೆಟ್ಟಿಂಗ್‌ನಿಂದ, ಕೇಳದ ಪ್ರಶ್ನೆಯಿಂದ ಆಗುತ್ತವೆ. ಈ ಉತ್ತರವನ್ನು ಸ್ಕ್ಯಾನಿಂಗ್ ಮಾಡುವ ಕಿರಿಯ ವೈದ್ಯರೂ ಓದುತ್ತಾರೆ ಎಂಬ ನಂಬಿಕೆಯಿಂದ ಇದನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ. ನಿಮಗೆ ಬೇಸರವಾದರೆ ಮುಂದಿನ ನಾಲ್ಕೈದು ಪ್ಯಾರಾ ದಾಟಿಕೊಳ್ಳಿ.

ಪ್ರೋಬಿನ ಆಯ್ಕೆಯಲ್ಲೇ ಅರ್ಧ ತಪ್ಪು ಆಗಿಹೋಗುತ್ತದೆ. ಚಪ್ಪಟೆ ಮುಖದ ಲೀನಿಯರ್ ಪ್ರೋಬ್ 7ರಿಂದ 15 ಮೆಗಾಹರ್ಟ್ಸ್‌ನಲ್ಲಿ ಚರ್ಮದ ಹತ್ತಿರದ್ದನ್ನು ಕನ್ನಡಿಯಂತೆ ತೋರಿಸುತ್ತದೆ, ಆದರೆ ನಾಲ್ಕೈದು ಸೆಂ.ಮೀ. ಆಳ ದಾಟಿದರೆ ಅದರ ಶಬ್ದ ಸೋತುಹೋಗುತ್ತದೆ. ದಪ್ಪ ತೊಡೆಯಲ್ಲಿ ಗಡ್ಡೆಯ ಮೇಲಿನ ಅರ್ಧ ಮಾತ್ರ ಕಂಡು, ಕೆಳಗಿನದು ಕತ್ತಲಲ್ಲಿ ಉಳಿಯುತ್ತದೆ. ಆಗ ಹೊಟ್ಟೆ ನೋಡುವ ಬಾಗಿದ ಪ್ರೋಬ್, 2ರಿಂದ 5 ಮೆಗಾಹರ್ಟ್ಸ್‌ನದು, ತೆಗೆದುಕೊಂಡು ಕೆಳಗಿನ ಅಂಚನ್ನೂ ಅದರ ಹಿಂದಿನ ಮೂಳೆಯನ್ನೂ ನೋಡಿ, ಮತ್ತೆ ಲೀನಿಯರ್‌ಗೆ ಬಂದು ಒಳವಿವರ ನೋಡಬೇಕು. ಎರಡೂ ಬೇಕು. ಫೋಕಸ್ ಗಡ್ಡೆಯ ಮಟ್ಟಕ್ಕೆ ಇಳಿಸಿರಬೇಕು. ಹಿಂದಿನ ರೋಗಿಯ ಹೊಟ್ಟೆಗೆ ಇಟ್ಟ ಪ್ರೀಸೆಟ್‌ನಲ್ಲೇ (ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್) ತೊಡೆ ನೋಡುವುದು ನಡೆದೇ ಇರುತ್ತದೆ. ಸ್ನಾಯು ಮೂಳೆ ನೋಡುವ ಮಸ್ಕ್ಯುಲೋಸ್ಕೆಲಿಟಲ್ ಪ್ರೀಸೆಟ್‌ಗೆ ಬದಲಿಸಲು ಹತ್ತು ಸೆಕೆಂಡ್ ಸಾಕು.

ಅಳತೆ ಇನ್ನೊಂದು ಗುಂಡಿ. ಲೀನಿಯರ್ ಪ್ರೋಬಿನ ಮುಖವೇ ನಾಲ್ಕೈದು ಸೆಂ.ಮೀ. ಅಗಲ. 8 ಸೆಂ.ಮೀ. ಗಡ್ಡೆ ಅದರಲ್ಲಿ ಹಿಡಿಸುವುದಿಲ್ಲ. ಎರಡು ಚಿತ್ರ ಅಕ್ಕಪಕ್ಕ ಹೊಂದಿಸಿ ಅಂದಾಜಿಗೆ ಅಳೆದಾಗ ಒಂದೆರಡು ಸೆಂ.ಮೀ. ಸುಲಭವಾಗಿ ಕಳೆದುಹೋಗುತ್ತದೆ. ಪನೋರಮಿಕ್ ಸೌಲಭ್ಯವಿದ್ದರೆ ಬಳಸಬೇಕು, ಇಲ್ಲದಿದ್ದರೆ ಬಾಗಿದ ಪ್ರೋಬಿನಿಂದ ಅಳೆಯಬೇಕು. ಅದೂ ಬೇಡವೆಂದರೆ ಗಂಟಿನ ಎರಡು ತುದಿಗೆ ಚರ್ಮದ ಮೇಲೆ ಪೆನ್ನಿನಿಂದ ಗುರುತು ಹಾಕಿ ಟೇಪ್ ಹಿಡಿದರೂ ಆಗುತ್ತದೆ. ಮೂರು ಅಳತೆ ಬೇಕೇ ಬೇಕು. ಎರಡೇ ಬರೆದರೆ ಮುಂದಿನವರಿಗೆ ಹೋಲಿಸಲು ಏನೂ ಇರುವುದಿಲ್ಲ.

ಡಾಪ್ಲರ್ ವಿಷಯದಲ್ಲಿ ನಿಮ್ಮ ಮೊದಲ ರಿಪೋರ್ಟ್ ಮೌನವಾಗಿದೆ. ಹಾಕಿ ನೋಡಿ ಕಾಣಲಿಲ್ಲವೋ, ಹಾಕಲೇ ಇಲ್ಲವೋ ತಿಳಿಯದು. ಹಾಕಿದರೂ ಕಾಣದಿರಲು ಕಾರಣಗಳಿವೆ. ದೊಡ್ಡ ರಕ್ತನಾಳ ನೋಡುವ ಸ್ಕೇಲ್‌ನಲ್ಲೇ ಬಿಟ್ಟರೆ ಗಡ್ಡೆಯೊಳಗಿನ ನಿಧಾನದ ಹರಿವನ್ನು ಮಿಷಿನ್ ಕಸವೆಂದು ಸೋಸಿಬಿಡುತ್ತದೆ. ವೇಗದ ಸ್ಕೇಲನ್ನು ಸೆಕೆಂಡಿಗೆ 3ರಿಂದ 5 ಸೆಂ.ಮೀ.ಗೆ ಇಳಿಸಬೇಕು, ವಾಲ್ ಫಿಲ್ಟರ್ ಕಡಿಮೆಗೆ ತರಬೇಕು, ಬಣ್ಣದ ಗೇಯ್ನ್ ಅನ್ನು ಪರದೆ ತುಂಬ ಚುಕ್ಕೆ ಬರುವ ತನಕ ಏರಿಸಿ ಆಮೇಲೆ ಚುಕ್ಕೆ ಮಾಯವಾಗುವಷ್ಟೇ ಇಳಿಸಬೇಕು. ಎಲ್ಲಕ್ಕಿಂತ ಮುಖ್ಯ, ಕೈ ಹಗುರವಾಗಿರಬೇಕು. ಪ್ರೋಬ್ ಒತ್ತಿ ಹಿಡಿದರೆ ಸಣ್ಣ ನಾಳಗಳು ಮುಚ್ಚಿಕೊಂಡು ‘ರಕ್ತಸಂಚಾರವಿಲ್ಲ’ ಎಂಬ ಸುಳ್ಳು ಸಾಕ್ಷಿ ಸಿಗುತ್ತದೆ. ಜೆಲ್ ಧಾರಾಳವಾಗಿ ಸುರಿದು ಪ್ರೋಬ್ ಅದರ ಮೇಲೆ ತೇಲಬೇಕು. ಇಷ್ಟು ಮಾಡಿಯೂ ರಕ್ತಸಂಚಾರ ಕಾಣದಿದ್ದರೆ ಅದು ನಿರಪಾಯ ಎಂದಲ್ಲ. ಒಳಗೆ ಸತ್ತುಹೋದ, ರಕ್ತ ತುಂಬಿದ ಗಡ್ಡೆಯಲ್ಲೂ ಕಾಣುವುದಿಲ್ಲ. ಕಂಡರೆ ಮಾತ್ರ ‘ಬರೀ ಹೆಪ್ಪು’ ಎಂಬ ಮಾತು ಮುಗಿಯಿತು. ನಿಮ್ಮ ತಂದೆಯವರಲ್ಲಿ ಕಂಡಿದೆ.

ಇನ್ನು ಪೊರೆ. ಸ್ನಾಯುವಿನ ಮೇಲೆ ಹೊದ್ದುಕೊಂಡ ಬಿಳಿ ಗೆರೆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಗಂಟು ಅದರ ಮೇಲಿದೆಯಾ, ತಾಗಿಕೊಂಡಿದೆಯಾ, ಕೆಳಗಿದೆಯಾ ಎಂಬ ಒಂದೇ ವಾಕ್ಯ ರಿಪೋರ್ಟಿನ ಉಳಿದೆಲ್ಲಕ್ಕಿಂತ ಬೆಲೆಯುಳ್ಳದ್ದು. ಅನುಮಾನವಿದ್ದರೆ ರೋಗಿಗೆ ಮಂಡಿ ಬಿಗಿ ಹಿಡಿಯಲು ಹೇಳಿ ನೋಡಬೇಕು. ಸ್ನಾಯು ಬಿಗಿದಾಗ ಗಂಟು ಜೊತೆಗೆ ಹೋದರೆ ಒಳಗಿದೆ, ಸ್ನಾಯುವಿನ ಮೇಲೆ ಜಾರಿದರೆ ಹೊರಗಿದೆ. ಇನ್ನೊಂದು ತೊಡೆಯನ್ನೂ ಅದೇ ಜಾಗದಲ್ಲಿ ನೋಡಿದರೆ ಸಹಜವಾದ ಸ್ನಾಯುವಿನ ಉಬ್ಬನ್ನೇ ಗಂಟೆಂದು ಬರೆಯುವುದು ತಪ್ಪುತ್ತದೆ. ತೊಡೆಸಂದಿಯ ಲಿಂಫ್ ಗ್ರಂಥಿಗಳು, ದೊಡ್ಡ ರಕ್ತನಾಳಕ್ಕೂ ಗಡ್ಡೆಗೂ ಇರುವ ಅಂತರ ಇವೂ ಬೇಕು. ಗಂಟಿನ ಎರಡೂ ತುದಿಗೆ ನರ ಬಾಲದಂತೆ ಸೇರಿಕೊಂಡಿದ್ದರೆ ಅದು ನರದ ಗಡ್ಡೆ ಇರಬಹುದು, ಸೂಜಿ ಹಾಕುವವರಿಗೆ ಮೊದಲೇ ತಿಳಿಸಬೇಕು. ಇಲ್ಲದಿದ್ದರೆ ರೋಗಿಗೆ ಶಾಕ್ ಹೊಡೆದಂತೆ ನೋವಾಗುತ್ತದೆ. ಮಿಡಿಯುವ ಗಂಟಾದರಂತೂ ಡಾಪ್ಲರ್ ನೋಡದೆ ಸೂಜಿ ಎತ್ತುವುದೇ ತಪ್ಪು.

ಗಟ್ಟಿತನ ಅಳೆಯುವ ಎಲಾಸ್ಟೋಗ್ರಫಿ, ಸಿರೆಗೆ ಸೂಕ್ಷ್ಮ ಗುಳ್ಳೆಗಳ ಔಷಧ ಕೊಟ್ಟು ನೋಡುವ ಸ್ಕ್ಯಾನ್, ಕಂಪ್ಯೂಟರಿನ ಎಐ ಇವುಗಳ ಬಗ್ಗೆಯೂ ಕೇಳುವವರಿದ್ದಾರೆ. ಗಟ್ಟಿತನ ಒಂದರಿಂದ ತೀರ್ಪು ಕೊಡಲು ಆಗುವುದಿಲ್ಲ, ಏಕೆಂದರೆ ಲೋಳೆಯಂಥ ಸಾರ್ಕೋಮಾ ಮೆದು, ನಿರಪಾಯದ ನಾರುಗಡ್ಡೆ ಕಲ್ಲಿನಂತೆ ಗಟ್ಟಿ. ಗುಳ್ಳೆಗಳ ಸ್ಕ್ಯಾನ್ ಗಡ್ಡೆಯ ಜೀವಂತ ಭಾಗ ಯಾವುದು, ಸತ್ತ ಭಾಗ ಯಾವುದು ಎಂದು ತೋರಿಸುವುದರಿಂದ ಬಯಾಪ್ಸಿಗೆ ದಾರಿ ತೋರಬಲ್ಲದು. ಎಐಗೆ ಕಲಿಯಲು ಸಾವಿರಾರು ಉದಾಹರಣೆ ಬೇಕು, ಈ ಕಾಯಿಲೆಯೇ ಅಪರೂಪ, ಅದರಲ್ಲೂ ಐವತ್ತಕ್ಕೂ ಹೆಚ್ಚು ಬಗೆ. ಸದ್ಯಕ್ಕೆ ಇವು ಯಾವುವೂ ಬಯಾಪ್ಸಿಯ ಜಾಗಕ್ಕೆ ಬರುವುದಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು.

‘ಅರ್ಧ ಗಂಟೆಯಲ್ಲಿ ತೆಗೆದುಬಿಡೋಣ’ ಎಂಬುದು ಎಲ್ಲಕ್ಕಿಂತ ಆಕರ್ಷಕ, ಎಲ್ಲಕ್ಕಿಂತ ಅಪಾಯಕರ. ಚರ್ಮದ ಕೆಳಗಿನ ಮೂರು ಸೆಂ.ಮೀ. ಕೊಬ್ಬಿನ ಗಂಟಿಗೆ ಆ ಮಾತು ಸರಿ. ಆಳದ 8 ಸೆಂ.ಮೀ. ಗಂಟಿಗೆ ಅಲ್ಲ. ಸಾರ್ಕೋಮಾ ಸುತ್ತ ಸಿಪ್ಪೆಯಂತೆ ಒಂದು ಪೊರೆ ಇದ್ದಂತೆ ಕಾಣುತ್ತದೆ, ಬೆರಳು ಹಾಕಿ ಬಿಡಿಸಿದರೆ ಹಲಸಿನ ತೊಳೆಯಂತೆ ಬಂದೂಬಿಡುತ್ತದೆ. ಆದರೆ ಆ ಪೊರೆಯ ಆಚೆಗೂ ಕ್ಯಾನ್ಸರ್ ಕಣಗಳು ಇರುತ್ತವೆ. ಹಾಗೆ ಬಿಡಿಸಿದಾಗ ಅವು ಅಲ್ಲೇ ಉಳಿಯುತ್ತವೆ, ರಕ್ತದ ಜೊತೆ ಹೊಸ ಪದರಗಳಿಗೂ ಹರಡುತ್ತವೆ. ಆಮೇಲೆ ವರದಿ ಕ್ಯಾನ್ಸರ್ ಎಂದು ಬಂದರೆ ಹಳೆಯ ಗಾಯ, ಹೊಲಿಗೆ, ಡ್ರೈನ್ ಹಾಕಿದ ತೂತು ಎಲ್ಲವನ್ನೂ ಸೇರಿಸಿ ದೊಡ್ಡದಾಗಿ ಮತ್ತೆ ಕೊಯ್ಯಬೇಕು, ಬೇರೆಡೆಯಿಂದ ಮಾಂಸ ಚರ್ಮ ತಂದು ಮುಚ್ಚಬೇಕಾಗಬಹುದು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ತೆಗೆದ ಗಂಟನ್ನು ಪರೀಕ್ಷೆಗೆ ಕಳಿಸದೆ ಎಸೆಯುವುದು. ಎಷ್ಟೇ ಸಣ್ಣ ಗಂಟಾಗಲಿ, ಯಾರಿಗೇ ಆಗಲಿ, ಫಾರ್ಮಲಿನ್ ಡಬ್ಬಿಯಲ್ಲಿ ಹಾಕಿ ಪೆಥಾಲಜಿಗೆ ಕಳಿಸಿದ ಚೀಟಿ ಕೇಳಿ ಪಡೆಯಿರಿ.

‘ಇನ್ನೂ ಮೂರು ತಿಂಗಳು ನೋಡೋಣ’ ಎಂಬ ದಾರಿ ನಿಮ್ಮ ಮಟ್ಟಿಗೆ ಮುಗಿದಿದೆ. ಸಣ್ಣ ಸೂಜಿಯ ಎಫ್‌ಎನ್‌ಎಸಿ ಬೇಗ ಆಗುತ್ತದೆ, ಅಗ್ಗ, ನಮ್ಮಲ್ಲಿ ಎಲ್ಲ ಕಡೆ ಮಾಡುತ್ತಾರೆ. ಆದರೆ ಅದರಲ್ಲಿ ಬರುವುದು ಬಿಡಿ ಕಣಗಳು ಮಾತ್ರ. ಸಾರ್ಕೋಮಾದ ಬಗೆ, ದರ್ಜೆ ಹೇಳಲು ಅಂಗಾಂಶದ ತುಂಡೇ ಬೇಕು. ಲೋಳೆ ಗಡ್ಡೆಯಿಂದ ಎಫ್‌ಎನ್‌ಎಸಿಯಲ್ಲಿ ಲೋಳೆ ಬಿಟ್ಟು ಏನೂ ಬರದೆ ‘ಕ್ಯಾನ್ಸರ್ ಕಣ ಕಂಡಿಲ್ಲ’ ಎಂದು ವರದಿ ಬಂದರೆ, ಆ ಕಾಗದ ಹಿಡಿದು ಮನೆಯಲ್ಲಿ ನೆಮ್ಮದಿಯಾಗಿ ಕೂತುಬಿಡುತ್ತಾರೆ.

ಹಾಗಾಗಿ ಉಳಿದದ್ದು ಎರಡನೆಯ ಸರ್ಜನ್ ಹೇಳಿದ ದಾರಿ. ಅದಕ್ಕೂ ಮುಂಚೆ ತೊಡೆಯ ಒಂದು ಸಾದಾ ಎಕ್ಸ್‌ರೇ ತೆಗೆಸಿ. ಅದು ಯಾರಿಗೂ ನೆನಪಾಗುವುದಿಲ್ಲ. ಪೆಟ್ಟು ಬಿದ್ದ ಸ್ನಾಯುವಿನಲ್ಲಿ ಕೆಲವೊಮ್ಮೆ ಮೂಳೆಯೇ ಕಟ್ಟಿಕೊಳ್ಳುತ್ತದೆ. ಏಳು ತಿಂಗಳಿಗೆ ಅದು ಎಕ್ಸ್‌ರೇಯಲ್ಲಿ ಮೊಟ್ಟೆಯ ಚಿಪ್ಪಿನಂತೆ ಹೊರ ಅಂಚಿನಲ್ಲಿ ಬೆಳ್ಳಗೆ ಕಾಣಬೇಕು. ಅದು ಕಂಡರೆ ಇಡೀ ಕಥೆ ಬದಲಾಗುತ್ತದೆ. ಸುಣ್ಣದ ಚುಕ್ಕೆಗಳು ನಡುವೆ ಚೆಲ್ಲಿದ್ದರೆ ಅನುಮಾನ ಇನ್ನೂ ಹೆಚ್ಚುತ್ತದೆ.

ಎಂಆರ್‌ಐ ಬಯಾಪ್ಸಿಗೆ ಮುಂಚೆಯೇ ಆಗಬೇಕು. ಸೂಜಿ ಹಾಕಿದ ಮೇಲೆ ಸೋರಿದ ರಕ್ತ ಚಿತ್ರವನ್ನು ಕಲಕಿಬಿಡುತ್ತದೆ. ಕಾಂಟ್ರಾಸ್ಟ್ ಔಷಧ ಸೇರಿಸಿ ಮಾಡಿಸಿ, ಅದಕ್ಕೂ ಮುಂಚೆ ಕ್ರಿಯಾಟಿನಿನ್ ರಕ್ತ ಪರೀಕ್ಷೆ ಕೇಳುತ್ತಾರೆ. ಪೇಸ್‌ಮೇಕರ್ ಇದ್ದರೆ, ಹಿಂದೆ ಆಪರೇಷನ್‌ನಲ್ಲಿ ಕ್ಲಿಪ್ ರಾಡ್ ಹಾಕಿದ್ದರೆ, ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕಿದ್ದರೆ ಮೊದಲೇ ಹೇಳಿ. ಮುಕ್ಕಾಲು ಗಂಟೆ ಅಲುಗಾಡದೆ ಮಲಗಬೇಕು. ಹಳೆಯ ಎರಡೂ ಸ್ಕ್ಯಾನ್‌ಗಳ ಫಿಲ್ಮ್ ಕೊಂಡೊಯ್ಯಿರಿ. ಒಳಗೆಲ್ಲ ಶುದ್ಧ ಕೊಬ್ಬು, ತೆಳು ಗೆರೆಗಳಷ್ಟೇ ಎಂದು ಎಂಆರ್‌ಐ ಹೇಳಿದರೆ ಎರಡನೆಯ ರಿಪೋರ್ಟಿನ ಲೈಪೋಮಾ ಎಂಬ ಊಹೆಗೆ ಬಲ ಬರುತ್ತದೆ. ಆಗಲೂ ಇಷ್ಟು ದೊಡ್ಡದಾದ, ಆಳದ ಕೊಬ್ಬಿನ ಗಂಟು ಕೆಳದರ್ಜೆಯ ಲೈಪೋಸಾರ್ಕೋಮಾ ಇರಬಹುದೇ ಎಂದು ನೋಡಲು ಎಂಡಿಎಂ2 ಎಂಬ ಪರೀಕ್ಷೆ ಇದೆ; ಬಯಾಪ್ಸಿ ತುಂಡಿನ ಮೇಲೆಯೇ ಮಾಡುತ್ತಾರೆ.

ಬಯಾಪ್ಸಿ ಅಂದರೆ ಇಲ್ಲಿ 14 ಅಥವಾ 16 ಗೇಜ್ ಸೂಜಿಯ ಕೋರ್ ಬಯಾಪ್ಸಿ. ಜಾಗ ಮರಗಟ್ಟಿಸಿ, ಅಲ್ಟ್ರಾಸೌಂಡ್ ನೋಡಿಕೊಂಡೇ ಕಡ್ಡಿಯಂಥ ನಾಲ್ಕಾರು ತುಂಡು ತೆಗೆಯುತ್ತಾರೆ. ಹೆಸರಿಡಲು ಸೋಲುವ ಅಲ್ಟ್ರಾಸೌಂಡ್ ಇಲ್ಲಿ ಸೂಜಿಯ ದಾರಿ ತೋರಿಸುವುದರಲ್ಲಿ ಗೆಲ್ಲುತ್ತದೆ. ನಡುವಿನ ಸತ್ತ ಭಾಗದಿಂದ ತೆಗೆದರೆ ಪೆಥಾಲಜಿಯವರಿಗೆ ಕಸವಷ್ಟೇ ಸಿಗುತ್ತದೆ. ಡಾಪ್ಲರ್‌ನಲ್ಲಿ ರಕ್ತಸಂಚಾರ ಕಂಡ ಗಟ್ಟಿ ಭಾಗದಿಂದ ತೆಗೆಯಬೇಕು. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ತಿಳಿಸಿ, ತಾವಾಗಿ ನಿಲ್ಲಿಸಬೇಡಿ.

ನಿಮ್ಮ ದೊಡ್ಡಪ್ಪನವರ ಭಯವನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದಿಲ್ಲ. ಸೂಜಿಯ ದಾರಿಯಲ್ಲಿ ಕಣಗಳು ಉಳಿಯುವುದು ಸಾಧ್ಯ, ಆದರೆ ಬಲು ಅಪರೂಪ. ಅದಕ್ಕೂ ಉಪಾಯವಿದೆ. ಮುಂದೆ ಆಪರೇಷನ್ ಮಾಡುವ ಸರ್ಜನ್ ಎಲ್ಲಿ ಕೊಯ್ಯುತ್ತಾರೋ ಅದೇ ಗೆರೆಯ ಮೇಲೆ ಸೂಜಿ ಹಾಕಬೇಕು, ಒಂದೇ ಸ್ನಾಯುಗುಂಪಿನ ಮೂಲಕ, ದೊಡ್ಡ ರಕ್ತನಾಳ ನರಗಳಿಂದ ದೂರ. ಆಗ ಆಪರೇಷನ್‌ನಲ್ಲಿ ಗಡ್ಡೆಯ ಜೊತೆ ಸೂಜಿಯ ದಾರಿಯನ್ನೂ ಸೇರಿಸಿ ತೆಗೆಯಬಹುದು. ಹಾಗಾಗಿ ಬಯಾಪ್ಸಿ ಮಾಡುವವರಿಗೆ ಒಂದು ಮಾತು ಕೇಳಿ: ‘ಆಪರೇಷನ್ ಮಾಡುವ ಡಾಕ್ಟರ ಹತ್ತಿರ ಜಾಗ ಗುರುತು ಮಾಡಿಸಿದ್ದೀರಾ?’ ಹೌದು ಎಂದರೆ ದೊಡ್ಡಪ್ಪನವರಿಗೂ ಧೈರ್ಯವಾಗಿ ಹೇಳಿ. ಅವರು ಹೆದರುವ ಹರಡುವಿಕೆ ಸೂಜಿಗಿಂತ ಎಷ್ಟೋ ಪಟ್ಟು ಹೆಚ್ಚು ಆ ‘ಅರ್ಧ ಗಂಟೆ ಆಪರೇಷನ್’ನಿಂದ ಆಗುತ್ತದೆ.

ಪೆಥಾಲಜಿ ವರದಿಗೆ ವಿಶೇಷ ಬಣ್ಣದ ಪರೀಕ್ಷೆಗಳೂ ಸೇರಿ ಒಂದೆರಡು ವಾರ ಹಿಡಿಯಬಹುದು. ಕ್ಯಾನ್ಸರ್ ಎಂದು ಬಂದರೆ ಎದೆಯ ಸಿಟಿ ಮಾಡುತ್ತಾರೆ, ಏಕೆಂದರೆ ಸಾರ್ಕೋಮಾ ಮೊದಲು ಹೋಗುವುದು ಶ್ವಾಸಕೋಶಕ್ಕೆ. ಕಾಲು ತೆಗೆಯುತ್ತಾರೆ ಎಂಬ ಹೆದರಿಕೆ ಇದ್ದರೆ, ಈಗ ಬಹುತೇಕರಿಗೆ ಕಾಲು ಉಳಿಸಿಕೊಂಡೇ ಸುತ್ತಲಿನ ಆರೋಗ್ಯವಂತ ಪದರದೊಂದಿಗೆ ಗಡ್ಡೆ ತೆಗೆಯುತ್ತಾರೆ. ಜೊತೆಗೆ ರೇಡಿಯೇಷನ್, ಆಪರೇಷನ್‌ಗೆ ಮುಂಚೆ ಕೊಡುವುದಾದರೆ ಸಾಮಾನ್ಯವಾಗಿ ಐದು ವಾರದಲ್ಲಿ 25 ಸಲ. ಮುಂಚೆ ಕೊಟ್ಟರೆ ಡೋಸ್ ಕಡಿಮೆ, ಗಾಯ ಒಣಗುವುದು ನಿಧಾನ. ನಂತರ ಕೊಟ್ಟರೆ ಗಾಯಕ್ಕೆ ಒಳ್ಳೆಯದು, ಆದರೆ ಡೋಸ್ ಹೆಚ್ಚು, ವರ್ಷಗಳ ಮೇಲೆ ಕಾಲು ಬಿಗಿಯುವ ಸಂಭವ ಹೆಚ್ಚು. ಆ ಚರ್ಚೆ ಬಯಾಪ್ಸಿ ಬಂದ ದಿನಕ್ಕೆ ಇರಲಿ.

ಎಲ್ಲಿಗೆ ಹೋಗಬೇಕು? ಬಿಪಿಎಲ್ ಕಾರ್ಡ್ ಇರುವುದರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಶುರು ಸರ್ಕಾರಿ ಆಸ್ಪತ್ರೆಯಿಂದ ಮಾಡಿ: ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆ. ಬೇಕಾದ ಚಿಕಿತ್ಸೆ ಅಲ್ಲಿ ಇಲ್ಲದಿದ್ದರೆ ಅಲ್ಲಿಂದಲೇ ರೆಫರಲ್ ಪತ್ರ ಪಡೆದು ಯೋಜನೆಯಲ್ಲಿ ನೋಂದಾಯಿಸಿದ ಆಸ್ಪತ್ರೆಗೆ ಹೋಗಬಹುದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಇದೆ. ಎಂಆರ್‌ಐ ಖರ್ಚು ಯಾವ ಹಂತದಲ್ಲಿ ಯೋಜನೆಗೆ ಬರುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲ ದಿನವೇ ಕೇಳಿ. ರೇಷನ್ ಕಾರ್ಡ್, ಆಧಾರ್ ಮೂಲಪ್ರತಿ ಜೊತೆಗಿರಲಿ. ಮುಂದೆ ಎರಡನೆಯ ಅಭಿಪ್ರಾಯ ಬೇಕಾದರೆ ಬಯಾಪ್ಸಿಯ ವರದಿ ಒಂದೇ ಸಾಲದು, ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೂಡ ಲ್ಯಾಬಿನಿಂದ ಕೇಳಿ ಪಡೆಯಿರಿ.

ಎಣ್ಣೆ ನೀವುವುದನ್ನು ಇವತ್ತೇ ನಿಲ್ಲಿಸಿ. ಶಾಖ, ಪಟ್ಟು, ಕಟ್ಟು ಯಾವುದೂ ಬೇಡ. ನೀವಿದಾಗ ಗಡ್ಡೆಯೊಳಗೆ ರಕ್ತ ಸೋರಬಹುದು, ಸೋರಿದರೆ ಎಂಆರ್‌ಐ ನೋಡುವವರಿಗೂ ಮತ್ತೆ ಅದೇ ಹೆಮಟೋಮಾದ ಗೊಂದಲ. ಗದ್ದೆ ಕೆಲಸ ಮಾಡಬಹುದು, ಆದರೆ ಬಯಾಪ್ಸಿಯಾದ ಮೇಲೆ ಎರಡು ಮೂರು ದಿನ ಭಾರ ಎತ್ತುವುದು, ಕೆಸರಿಗೆ ಇಳಿಯುವುದು ಬೇಡ. ಚುಚ್ಚಿದ ಜಾಗಕ್ಕೆ ಗದ್ದೆ ನೀರು ತಾಗಬಾರದು.